ಹೊಸ ಕಾರಿನ ಮೊದಲ ವರ್ಷ: ಬೆಲೆ ಎಲ್ಲಿ ಹೋಗುತ್ತದೆ?



ಹೊಸದಾಗಿ ಕೊಂಡ ಕಾರು ತನ್ನ ಬೆಲೆಯನ್ನು ಎಷ್ಟು ಬೇಗ ಕಳೆದುಕೊಳ್ಳುತ್ತದೆ, ಹಾಗೆ ಕಳೆದುಹೋದ ಹಣ ಯಾರ ಪಾಲಾಗುತ್ತದೆ ಎಂಬುದು ಇಂದಿನ ಭಾಷಣದ ವಿಷಯ. ಬೆಂಗಳೂರಿನ ಯಾವ ಶೋರೂಮಿನ ಬಾಗಿಲಲ್ಲಾದರೂ ಈ ಪ್ರಶ್ನೆಯನ್ನು ಕೇಳಬಹುದು. ಆದರೆ ಕಾಶಿಯ ಹನುಮಾನ್ ಘಾಟಿನ ಕಡೆಯಿಂದ ನೋಡಿದಾಗ ಅದು ಹೆಚ್ಚು ನಿಚ್ಚಳವಾಗುತ್ತದೆ. ಏಕೆಂದರೆ ಅಲ್ಲಿ ಕಾರು ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಓಡಿ ಸವೆದದ್ದೆಷ್ಟು, ನಿಂತಲ್ಲೇ ಕರಗಿದ್ದೆಷ್ಟು ಎಂಬ ಲೆಕ್ಕವನ್ನು ಬೇರ್ಪಡಿಸಿ ನೋಡಲು ಅಂಥ ಊರು ಅನುಕೂಲ.

ಹನುಮಾನ್ ಘಾಟ್ ಗಂಗೆಯ ಪಶ್ಚಿಮ ದಂಡೆಯಲ್ಲಿ, ಶಿವಾಲಾ ಘಾಟಿಗೂ ಹರಿಶ್ಚಂದ್ರ ಘಾಟಿಗೂ ನಡುವೆ ಇರುವ ಹಳೆಯ ಕೇರಿ. ತಮಿಳು, ತೆಲುಗು, ಕನ್ನಡ ಮಾತನಾಡುವ ವೈದಿಕ ಮನೆತನಗಳು ತಲೆಮಾರುಗಳಿಂದ ನೆಲೆಸಿರುವ ಈ ಕೇರಿಗೆ ತಾಗಿಕೊಂಡೇ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ. ಕಾಶಿಯಾತ್ರೆಗೆ ಬರುವ ಕನ್ನಡಿಗರಿಗೆ ಈ ಭಾಗ ಚಿರಪರಿಚಿತ. ಅಸ್ಸಿಯಿಂದ ಗೋದೌಲಿಯಾಕ್ಕೆ ಹೋಗುವ ದೊಡ್ಡ ರಸ್ತೆಯಲ್ಲಿ ಶಿವಾಲಾ, ಸೋನಾರ್‌ಪುರಾಗಳವರೆಗೆ ಕಾರು ಬರುತ್ತದೆ. ಅಲ್ಲಿಂದ ನದಿಯ ಕಡೆಗೆ ಇಳಿಯುವುದು ಗಲ್ಲಿ. ಎದುರಿನಿಂದ ಒಂದು ಸ್ಕೂಟರ್ ಬಂದರೆ ಗೋಡೆಗೆ ಆತು ನಿಲ್ಲಬೇಕಾದ ಆ ಗಲ್ಲಿಯಲ್ಲಿ ಕಾರಿಗೆ ಜಾಗವಿಲ್ಲ. ಆದ್ದರಿಂದ ಘಾಟಿನ ಮನೆಯವರ ಕಾರು ಮನೆಯಿಂದ ದೂರ, ಎಲ್ಲೋ ಹಿಡಿದ ಜಾಗದಲ್ಲಿ, ಮೇಲೊಂದು ಹೊದಿಕೆ ಹಾಕಿಸಿಕೊಂಡು ನಿಂತಿರುತ್ತದೆ. ಮದುವೆಗೋ ಪ್ರಯಾಗಕ್ಕೋ ವಿಮಾನ ನಿಲ್ದಾಣಕ್ಕೋ ಹೊರಡುವಾಗ ಮಾತ್ರ ಅದರ ಚಕ್ರ ತಿರುಗುತ್ತದೆ. ಅಂಥ ಕಾರು ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡಿದ್ದರೂ ಮಾರಲು ಹೋದಾಗ ಅದರ ಬೆಲೆ ಗಣನೀಯವಾಗಿ ಇಳಿದಿರುತ್ತದೆ. ಎಂಜಿನ್ನಿನಲ್ಲಿ ಸವೆತವಿಲ್ಲ, ಟೈರು ಹೊಸದರಂತೆಯೇ ಇದೆ, ಆದರೂ ಬೆಲೆಯಿಲ್ಲ. ಇದನ್ನು ವಿವರಿಸಬೇಕಾದರೆ ಸವಕಳಿ ಎಂಬುದರ ಲೆಕ್ಕವನ್ನು ಮೊದಲು ಅರಿಯಬೇಕು.

ಬಳಕೆಯಿಂದಾಗಲಿ, ಕೇವಲ ಕಾಲ ಕಳೆದದ್ದರಿಂದಾಗಲಿ ಒಂದು ಆಸ್ತಿಯ ಮೌಲ್ಯದಲ್ಲಿ ಆಗುವ ಇಳಿಕೆಗೆ ಲೆಕ್ಕಪತ್ರದಲ್ಲಿ ಸವಕಳಿ ಎನ್ನುತ್ತಾರೆ. ವ್ಯಾಪಾರ ವ್ಯವಹಾರಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆಯ ನಿಯಮಗಳು ವರ್ಷಕ್ಕೆ ನೂರಕ್ಕೆ 15ರಂತೆ, ಬಾಡಿಗೆಗೆ ಓಡುವ ಕಾರಿಗೆ ನೂರಕ್ಕೆ 30ರಂತೆ ಸವಕಳಿ ಕಳೆಯಲು ಅವಕಾಶ ಕೊಡುತ್ತವೆ. ಅದನ್ನು ಕಳೆಯುವುದು ಪ್ರತಿ ವರ್ಷವೂ ಮೂಲಬೆಲೆಯ ಮೇಲಲ್ಲ, ಹಿಂದಿನ ವರ್ಷದ ಕೊನೆಗೆ ಉಳಿದ ಮೌಲ್ಯದ ಮೇಲೆ. ಹೀಗಾಗಿ ಇಳಿಕೆ ಮೊದಲ ವರ್ಷ ದೊಡ್ಡದಾಗಿರುತ್ತದೆ, ಬರಬರುತ್ತಾ ಸಣ್ಣದಾಗುತ್ತದೆ.

ಸಾಮಾನ್ಯ ಗೃಹಸ್ಥರಿಗೆ ಹೆಚ್ಚು ಹತ್ತಿರದ್ದು ವಿಮೆಯ ಲೆಕ್ಕ. ವಿಮಾ ಪತ್ರದಲ್ಲಿ ಐಡಿವಿ ಎಂಬ ಒಂದು ಸಾಲು ಇರುತ್ತದೆ. ಕಾರು ಕಳುವಾದರೆ ಅಥವಾ ರಿಪೇರಿಗೆ ಸಿಗದಷ್ಟು ಜಖಂ ಆದರೆ ಕಂಪನಿ ಕೊಡಲು ಒಪ್ಪಿದ ಗರಿಷ್ಠ ಮೊತ್ತವೇ ಐಡಿವಿ. ಭಾರತದ ಮೋಟಾರು ವಿಮೆಯ ದರಪಟ್ಟಿಯ ಪ್ರಕಾರ ಶೋರೂಮ್ ಬೆಲೆಯಲ್ಲಿ ಮೊದಲ ಆರು ತಿಂಗಳೊಳಗೆ ನೂರಕ್ಕೆ 5, ಆರು ತಿಂಗಳಿಂದ ಒಂದು ವರ್ಷದೊಳಗೆ 15, ಎರಡನೆಯ ವರ್ಷದಲ್ಲಿ 20, ಅಲ್ಲಿಂದ ಮುಂದೆ ವರ್ಷಕ್ಕೆ ಹತ್ತರಂತೆ ಕಳೆಯುತ್ತಾ ಐದನೆಯ ವರ್ಷದಲ್ಲಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಐದು ವರ್ಷದ ಮೇಲೆ ಪಟ್ಟಿಯಿಲ್ಲ. ಕಂಪನಿಯೂ ಮಾಲೀಕರೂ ಒಪ್ಪಿಕೊಂಡದ್ದೇ ಮೌಲ್ಯ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಕಾರು ಹೊರಡುವ ಮೊದಲೇ, ಕೀಲಿ ಕೈಗೆ ಬಂದ ದಿನವೇ, ವಿಮಾ ಪತ್ರದಲ್ಲಿ ನೂರಕ್ಕೆ 5 ಇಳಿದಿರುತ್ತದೆ. 8 ಲಕ್ಷದ ಕಾರು ಕಾಗದದ ಮೇಲೆ ಆಗಲೇ 7 ಲಕ್ಷ 60 ಸಾವಿರ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಇಳಿಕೆಗೆ ಒಂದು ಒಪ್ಪಿತ ಪಟ್ಟಿಯಿದೆ, ಮತ್ತು ಆ ಪಟ್ಟಿ ಓಡಿದ ಕಿಲೋಮೀಟರನ್ನು ಕೇಳುವುದೇ ಇಲ್ಲ. ಹನುಮಾನ್ ಘಾಟಿನ ಹೊರಗೆ ನಿಂತ ಕಾರಿಗೂ ಬೆಂಗಳೂರು–ಮೈಸೂರು ದಾರಿಯಲ್ಲಿ ದಿನವೂ ಓಡುವ ಕಾರಿಗೂ ಅದು ಒಂದೇ. ಆದರೆ ಪಟ್ಟಿಯಲ್ಲಿ ಕಾಣುವ ಇಳಿಕೆ ನಷ್ಟದ ಪೂರ್ಣ ಲೆಕ್ಕವಲ್ಲ. ದೊಡ್ಡ ಪಾಲು ಬೇರೆ ಕಡೆ ಇದೆ.

ಶೋರೂಮ್ ಬೆಲೆಗೂ ಆನ್‌ರೋಡ್ ಬೆಲೆಗೂ ಇರುವ ವ್ಯತ್ಯಾಸದಲ್ಲಿ ಆ ಪಾಲು ಅಡಗಿದೆ. ಆನ್‌ರೋಡ್ ಬೆಲೆ ಎಂದರೆ ಕಾರಿನ ಬೆಲೆಯ ಜೊತೆಗೆ ರಾಜ್ಯದ ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮಾ ಕಂತು ಎಲ್ಲವನ್ನೂ ಸೇರಿಸಿ ಕೊಡುವ ಮೊತ್ತ. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲಿಯೇ ಅತಿ ಹೆಚ್ಚಿನವುಗಳ ಸಾಲಿಗೆ ಸೇರಿದ್ದು: ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ನೂರಕ್ಕೆ 13, ಹತ್ತು ಲಕ್ಷದೊಳಗೆ 14, ಇಪ್ಪತ್ತು ಲಕ್ಷದೊಳಗೆ 17, ಅದಕ್ಕೂ ಮೇಲೆ 18, ಈ ತೆರಿಗೆಯ ಮೇಲೆ ಮತ್ತೆ ಸೆಸ್. ಉತ್ತರ ಪ್ರದೇಶದಲ್ಲಿ ಹತ್ತು ಲಕ್ಷದೊಳಗಿನ ಕಾರಿಗೆ ಅದು ನೂರಕ್ಕೆ ಎಂಟು ಒಂಬತ್ತರ ಆಸುಪಾಸಿನಲ್ಲಿದೆ. 8 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ತೆರಿಗೆಯೇ ಸುಮಾರು ಒಂದೂಕಾಲು ಲಕ್ಷ, ವಾರಾಣಸಿಯಲ್ಲಿ ಸುಮಾರು 70 ಸಾವಿರ. ಇದಕ್ಕೆ ವಿಮೆಯನ್ನೂ ಸೇರಿಸಬೇಕು. 2018ರ ಸೆಪ್ಟೆಂಬರಿನಿಂದ ಹೊಸ ಕಾರು ಕೊಳ್ಳುವವರು ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು. ಸ್ವಂತ ಕಾರಿನ ವಿಮೆಯೂ ಸೇರಿ ಮೊದಲ ದಿನದ ಖರ್ಚು ಮೂವತ್ತು ನಲವತ್ತು ಸಾವಿರ ಎಂದಿಟ್ಟುಕೊಳ್ಳಬಹುದು.

ಲೆಕ್ಕವನ್ನು ನಿಧಾನವಾಗಿ ಹೇಳುವುದಾದರೆ ಹೀಗಾಗುತ್ತದೆ. ಬೆಂಗಳೂರಿನಲ್ಲಿ 8 ಲಕ್ಷದ ಕಾರಿಗೆ ಕೊಟ್ಟದ್ದು ಸುಮಾರು 9 ಲಕ್ಷ 65 ಸಾವಿರ. ಮೊದಲ ವರ್ಷ ತುಂಬುವ ಹೊತ್ತಿಗೆ ವಿಮೆಯ ಪಟ್ಟಿಯಂತೆ ಅದರ ಮೌಲ್ಯ 6 ಲಕ್ಷ 80 ಸಾವಿರ. ನಡುವಣ ಅಂತರ 2 ಲಕ್ಷ 85 ಸಾವಿರ. ಇದರಲ್ಲಿ ಕಾರಿನ ಇಳಿಕೆಯೆಂದು ಹೇಳಬಹುದಾದದ್ದು 1 ಲಕ್ಷ 20 ಸಾವಿರ ಮಾತ್ರ. ಮಿಕ್ಕ 1 ಲಕ್ಷ 65 ಸಾವಿರ ಸರ್ಕಾರದ ಖಜಾನೆಗೂ ವಿಮಾ ಕಂಪನಿಗೂ ಸಂದಾಯವಾದದ್ದು. ಹೊಸ ಕಾರು ವರ್ಷದಲ್ಲಿ ಮೂರನೆಯ ಒಂದು ಪಾಲು ಬೆಲೆ ಕಳೆದುಕೊಂಡಿತು ಎಂಬ ಗೊಣಗಾಟದಲ್ಲಿ ಅರ್ಧಕ್ಕೂ ಹೆಚ್ಚು ಅಂಶ ಕಾರಿನದಲ್ಲ, ಕಾರಿನ ಕಾಗದದ್ದು.

ಇಲ್ಲೊಂದು ತಿದ್ದುಪಡಿ ಅಗತ್ಯ. ಜೀವಾವಧಿ ತೆರಿಗೆ ಮಾಲೀಕರ ಜೊತೆ ಹೋಗುವುದಿಲ್ಲ, ವಾಹನದ ಜೊತೆ ಉಳಿಯುತ್ತದೆ. ಅದೇ ರಾಜ್ಯದಲ್ಲಿ ಕೊಳ್ಳುವ ಎರಡನೆಯ ಮಾಲೀಕರು ಆ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲವಾದ್ದರಿಂದ, ಅದರ ಒಂದಂಶವನ್ನು ಕೊಳ್ಳುವ ಬೆಲೆಯಲ್ಲಿ ಹಿಂದಿರುಗಿಸಲು ಒಪ್ಪುತ್ತಾರೆ. ಕರ್ನಾಟಕದ ಸಂಖ್ಯೆ ಹೊತ್ತ ಹಳೆಯ ಕಾರಿಗೆ ಕರ್ನಾಟಕದಲ್ಲಿಯೇ ಒಳ್ಳೆಯ ಬೆಲೆ ಬರುವುದು ಈ ಕಾರಣದಿಂದ. ಅದೇ ಕಾರನ್ನು ಸುಮಾರು 1,800 ಕಿಲೋಮೀಟರ್ ಓಡಿಸಿಕೊಂಡು ಹೋಗಿ ಕಾಶಿಯಲ್ಲಿ ನೆಲೆಸಿದ ಕುಟುಂಬಕ್ಕೆ ಈ ಅನುಕೂಲ ಇರುವುದಿಲ್ಲ. ಮೋಟಾರು ವಾಹನಗಳ 1988ರ ಕಾಯ್ದೆಯಂತೆ ಬೇರೆ ರಾಜ್ಯದ ಕಾರು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಒಂದು ರಾಜ್ಯದಲ್ಲಿ ಉಳಿದರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆಯಿಲ್ಲವೆಂಬ ಪತ್ರ ಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಉತ್ತರ ಪ್ರದೇಶದ ತೆರಿಗೆ ಕಟ್ಟಬೇಕು. ಆಮೇಲೆ ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ, ಕಾರಿನ ವಯಸ್ಸಿಗೆ ತಕ್ಕಂತೆ ಉಳಿದ ಪಾಲನ್ನು ಮರಳಿ ಕೇಳಬೇಕು. ಮೊದಲು ಕೊಟ್ಟು ಆಮೇಲೆ ಕೇಳಿ ಪಡೆಯುವ ಈ ವ್ಯವಸ್ಥೆಯಲ್ಲಿ ಎಷ್ಟೋ ಮಂದಿ ಕೇಳುವುದನ್ನೇ ಬಿಟ್ಟುಬಿಡುವುದರಲ್ಲಿ ಆಶ್ಚರ್ಯವಿಲ್ಲ. ಕೆಎ ಸಂಖ್ಯೆಯ ಕಾರನ್ನು ವಾರಾಣಸಿಯಲ್ಲಿ ಮಾರಲು ಹೊರಟರೆ, ಕೊಳ್ಳುವವರು ಈ ಎಲ್ಲ ಓಡಾಟದ ಬೆಲೆಯನ್ನು ಮುರಿದುಕೊಂಡೇ ಮಾತು ಆರಂಭಿಸುತ್ತಾರೆ.

ವರ್ಗಾವಣೆಯ ನೌಕರಿಯಲ್ಲಿರುವವರಿಗೆ 2021ರ ಸೆಪ್ಟೆಂಬರಿನಿಂದ ಬಿಎಚ್ ಸರಣಿ ಎಂಬ ನೋಂದಣಿ ಬಂದಿದೆ. ಸರ್ಕಾರಿ ನೌಕರರಿಗೆ, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿರುವ ಖಾಸಗಿ ಸಂಸ್ಥೆಯವರಿಗೆ ದೊರೆಯುವ ಈ ಸಂಖ್ಯೆಗೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ಮೊದಲ ದಿನ ಖಜಾನೆಗೆ ಹೋಗುವ ಮೊತ್ತ ಸಣ್ಣದಾಗುವುದರಿಂದ ಬೇಗ ಮಾರಿದರೆ ಆಗುವ ನಷ್ಟವೂ ಸಣ್ಣದು. ಪೌರೋಹಿತ್ಯ ಮಾಡಿಕೊಂಡಿರುವ ಘಾಟಿನ ಮನೆಗಳಿಗೆ ಈ ಸೌಲಭ್ಯ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಮೇಲಿನ ಮಾತುಗಳ ಸಾರ ಇಷ್ಟೆ: ಮೊದಲ ವರ್ಷದ ನಷ್ಟದಲ್ಲಿ ಒಂದು ದೊಡ್ಡ ಪಾಲು ತೆರಿಗೆ ಮತ್ತು ವಿಮೆ, ರಾಜ್ಯದ ಗಡಿ ದಾಟಿದರೆ ಆ ಪಾಲು ಇನ್ನಷ್ಟು ಬೆಳೆಯುತ್ತದೆ. ಈಗ ಉಳಿದ ಪಾಲಿನ ಕಡೆಗೆ, ಎಂದರೆ ಕಾರಿನದೇ ಬೆಲೆ ಏಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಬರಬೇಕು. ಎರಡು ತಿಂಗಳ ಹಿಂದೆ ಕೊಂಡ, ಗೀರು ಕೂಡ ಇಲ್ಲದ ಕಾರಿಗೆ ಕೊಳ್ಳುವವರು ಹೊಸದರ ಬೆಲೆಯನ್ನು ಏಕೆ ಕೊಡುವುದಿಲ್ಲ?

ಈ ಪ್ರಶ್ನೆಗೆ ತರ್ಕಬದ್ಧ ಉತ್ತರ ಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1967–68ರಲ್ಲಿ ಅವರು ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಒಂದು ವರ್ಷ ಇದ್ದರು. 1970ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಜೊತೆಗೆ ಭಾರತದ ಲೇವಾದೇವಿಯ ಪ್ರಸ್ತಾಪವೂ ಇದೆ. ಅವರ ವಾದದ ತಿರುಳು ಸರಳ. ಕಾರಿನ ಗುಣದೋಷ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಒಳ್ಳೆಯ ಕಾರು ಕೈಯಲ್ಲಿದ್ದವರು ಅದನ್ನು ಎರಡೇ ತಿಂಗಳಲ್ಲಿ ಮಾರುವುದು ಅಪರೂಪವಾದ್ದರಿಂದ, ಮಾರಾಟಕ್ಕೆ ಬಂದ ಹೊಚ್ಚ ಹೊಸ ಕಾರಿನಲ್ಲಿ ಏನೋ ಐಬು ಇರಬೇಕೆಂದು ಕೊಳ್ಳುವವರು ಊಹಿಸುತ್ತಾರೆ, ಆ ಊಹೆಗೆ ತಕ್ಕಂತೆ ಬೆಲೆ ತಗ್ಗಿಸುತ್ತಾರೆ. ಆ ತಗ್ಗಿದ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಮುಂದೆ ಬರುವುದಿಲ್ಲ, ಐಬಿರುವ ಕಾರುಗಳೇ ಸಂತೆಯಲ್ಲಿ ಉಳಿಯುತ್ತವೆ, ಸಂಶಯ ನಿಜವಾಗುತ್ತದೆ. ಮಾಹಿತಿ ಒಂದೇ ಕಡೆ ಇರುವುದರಿಂದ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬ ಈ ವಿಶ್ಲೇಷಣೆಗಾಗಿ ಅಕರ್ಲಾಫ್ 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು.

ಗಂಗೆಯ ದಂಡೆಯ ಊರಿನಲ್ಲಿ ಈ ಸಂಶಯಕ್ಕೆ ಇನ್ನೊಂದು ಕಾರಣ ಸೇರುತ್ತದೆ: ಪ್ರವಾಹ. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71 ಮೀಟರಿಗಿಂತ ತುಸು ಮೇಲೆ. 1978ರಲ್ಲಿ ನೀರು ಸುಮಾರು 74 ಮೀಟರಿಗೆ ಏರಿ ದಾಖಲೆಯಾಯಿತು. 2022ರ ಮತ್ತು 2025ರ ಆಗಸ್ಟ್ ತಿಂಗಳಲ್ಲಿಯೂ ಅಪಾಯದ ಗೆರೆ ದಾಟಿತು. ಅಂಥ ಮಳೆಗಾಲದ ನಂತರ ಮಾರಾಟಕ್ಕೆ ಬಂದ ಕಾರನ್ನು ನುರಿತ ಮೆಕ್ಯಾನಿಕ್ ಪರೀಕ್ಷಿಸುವ ಬಗೆಯನ್ನು ಕೇಳಿದರೆ ಸಂಶಯ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ಅವರು ಮೊದಲು ಬಾನೆಟ್ ತೆರೆಯುವುದಿಲ್ಲ. ಕಾರಿನ ಬಾಗಿಲು ತೆರೆದು ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ; ಒಣಗಿದ ಕೆಸರಿನ ವಾಸನೆಯನ್ನು ಯಾವ ಸುಗಂಧವೂ ಪೂರ್ತಿ ಮುಚ್ಚಲಾರದು. ಸೀಟು ಹಿಂದೆ ಮುಂದೆ ಜಾರುವ ಕಬ್ಬಿಣದ ಹಳಿಗೆ ಬೆರಳು ಹಾಕಿ ತುಕ್ಕು ಇದೆಯೇ ನೋಡುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಕಲೆ ಹುಡುಕುತ್ತಾರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರಡಿಯ ಗುಂಡಿಯಲ್ಲಿ ಸಣ್ಣ ಹೂಳು ಕುಳಿತಿದೆಯೇ ಎಂದು ಕೈಯಾಡಿಸುತ್ತಾರೆ. ಆಮೇಲೆ ಬಾಗಿಲು, ಬಾನೆಟ್‌ಗಳ ಬೋಲ್ಟುಗಳ ಮೇಲೆ ಪಾನಾ ಹಾಕಿದ ಗುರುತು. ಗಾಜುಗಳ ಮೂಲೆಯಲ್ಲಿ ಅಚ್ಚಾದ ವರ್ಷ ಒಂದೇ ಇದೆಯೇ ಎಂಬ ಪರೀಕ್ಷೆ. ಒಂದು ಹನಿ ನೀರೂ ಒಳಗೆ ಹೋಗದ ಕಾರು ಕೂಡ ಇಷ್ಟೆಲ್ಲ ಪರೀಕ್ಷೆಗೆ ಒಳಗಾಗಿ, ಪರೀಕ್ಷೆಗೆ ಸಿಗದೆ ಉಳಿದ ಸಂಶಯಕ್ಕಾಗಿ ಬೆಲೆ ಬಿಟ್ಟುಕೊಡಬೇಕಾಗುತ್ತದೆ.

ನಿಂತೇ ಇದ್ದ ಕಾರು ಸವೆದೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತ ಟೈರು ಆ ಭಾಗದಲ್ಲಿ ಚಪ್ಪಟೆಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಬ್ರೇಕಿನ ತಟ್ಟೆ ತುಕ್ಕು ಹಿಡಿಯುತ್ತದೆ, ಎಂಜಿನ್ ಎಣ್ಣೆ ಓಡದಿದ್ದರೂ ಹಳತಾಗುತ್ತದೆ, ಇಲಿ ವೈರು ಕಡಿಯುತ್ತದೆ. ಆದರೆ ಇವೆಲ್ಲ ಸೇರಿದರೂ ಕೆಲವು ಸಾವಿರದ ಮಾತು.

ಆರ್‌ಸಿ, ಅಂದರೆ ನೋಂದಣಿ ಪತ್ರದ ಕೆಲವು ಸಾಲುಗಳು ಇದಕ್ಕಿಂತ ಹೆಚ್ಚು ಕಳೆಯುತ್ತವೆ. ಒಂದು ಸಾಲಿನಲ್ಲಿ ಮಾಲೀಕರ ಕ್ರಮಸಂಖ್ಯೆ ಇರುತ್ತದೆ. ಅದು ಒಂದರಿಂದ ಎರಡಾದ ಕ್ಷಣ ಕಾರು ಸೆಕೆಂಡ್ ಹ್ಯಾಂಡ್. ಇನ್ನೊಂದು ಸಾಲಿನಲ್ಲಿ ತಯಾರಾದ ತಿಂಗಳು ಮತ್ತು ವರ್ಷ. ಡಿಸೆಂಬರಿನಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಕಾರು, ಮಾರುಕಟ್ಟೆಯ ಲೆಕ್ಕದಲ್ಲಿ ಹುಟ್ಟುತ್ತಲೇ ಒಂದು ವರ್ಷದ್ದು. ವರ್ಷಾಂತ್ಯದ ರಿಯಾಯಿತಿಗಳು ಉದಾರವಾಗಿ ಕಾಣುವುದು ಈ ಇಳಿಕೆಯನ್ನು ಮೊದಲೇ ಕೊಳ್ಳುವವರ ಹೆಗಲಿಗೆ ದಾಟಿಸುವುದರಿಂದ.

ಇಷ್ಟು ಹೊತ್ತಿಗೆ ಸ್ಪಷ್ಟವಾಗಿರುವಂತೆ ತೆರಿಗೆ, ಸಂಶಯ, ಕಾಗದದ ಸಾಲು ಇವು ಇಳಿಕೆಯ ಮುಖ್ಯ ಕಾರಣಗಳು; ಸವೆತ ಹಿಂದಿನ ಸಾಲಿನದು. ಇದಕ್ಕೆ ಇತಿಹಾಸದ ಸಾಕ್ಷಿಯೂ ಇದೆ. ಹೊಸ ಕಾರಿನ ಬೆಲೆ ಇಳಿಯಲೇಬೇಕೆಂಬ ನಿಯಮವೇನೂ ಇಲ್ಲ. ಲೈಸೆನ್ಸ್ ಪದ್ಧತಿಯ ಕಾಲದಲ್ಲಿ, ಅಂಬಾಸಡರ್ ಮತ್ತು ಫಿಯಟ್ ಕಾರುಗಳಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದಾಗ, ಸರ್ಕಾರ ಗೊತ್ತುಪಡಿಸಿದ ಬೆಲೆಗೆ ದೊರೆತ ಕಾರಿಗೆ ಮಾರುಕಟ್ಟೆಯಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆಯಿತ್ತು. 1983ರ ಡಿಸೆಂಬರಿನಲ್ಲಿ ಸುಮಾರು 48 ಸಾವಿರ ರೂಪಾಯಿಗೆ ಮಾರುತಿ 800 ಬಂದಾಗಲೂ ಬುಕಿಂಗ್ ಚೀಟಿಗೆ ಬೆಲೆಯಿತ್ತು. ತೀರ ಈಚೆಗೆ, ಸೆಮಿಕಂಡಕ್ಟರ್ ಚಿಪ್‌ಗಳ ಕೊರತೆಯಿಂದ ಕಾರ್ಖಾನೆಗಳು ನಿಧಾನಿಸಿದ್ದ 2021–22ರಲ್ಲಿ, ಅಮೆರಿಕದಲ್ಲಿ ಹಳೆಯ ಕಾರುಗಳ ಬೆಲೆ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 40ರಷ್ಟು ಏರಿತು.

ಇದರ ವಿರುದ್ಧ ದಿಕ್ಕಿನ ಉದಾಹರಣೆ 2025ರ ಸೆಪ್ಟೆಂಬರ್ 22, ಆ ವರ್ಷದ ನವರಾತ್ರಿಯ ಮೊದಲ ದಿನ. ಅಂದು ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ ಹೋಯಿತು. ಸಣ್ಣ ಕಾರು ಎಂದರೆ ಇಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ಮೀರದ ಎಂಜಿನ್ನಿನ ಕಾರು. ಅಂಥ ಪೆಟ್ರೋಲ್ ಕಾರಿನ ಹೊಸ ಬೆಲೆ ನೂರಕ್ಕೆ ಎಂಟೂವರೆಯಷ್ಟು ತಗ್ಗಲು ಅವಕಾಶವಾಯಿತು. ಕೊಳ್ಳುವವರಿಗೆ ಇದು ಹಬ್ಬ. ಆದರೆ ಹಿಂದಿನ ತಿಂಗಳು 8 ಲಕ್ಷ ಕೊಟ್ಟು ತಂದ ಕಾರಿನ ಪಕ್ಕದಲ್ಲಿ ಅದೇ ಮಾದರಿಯ ಹೊಸ ಕಾರು 7 ಲಕ್ಷ 30 ಸಾವಿರದ ಸುಮಾರಿಗೆ ಬಂದು ನಿಂತ ಮೇಲೆ, ಹಳೆಯದರ ಬೆಲೆ ಅದಕ್ಕೂ ಕೆಳಗೇ ಇರಬೇಕಲ್ಲವೇ? ಹೊದಿಕೆ ಕೂಡ ತೆಗೆಯದೆ ನಿಂತಿದ್ದ ಕಾರಿಗೂ ಆ ಒಂದು ರಾತ್ರಿಯಲ್ಲಿ ಹಲವು ತಿಂಗಳ ಸವಕಳಿ ತಗಲಿತು.

ಊರಿನಿಂದ ಊರಿಗೆ ನಿಯಮ ಬದಲಾದರೂ ಹೀಗೆಯೇ. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದಲ್ಲಿ ಹಸಿರು ನ್ಯಾಯಮಂಡಳಿಯ ಆದೇಶದಂತೆ ಡೀಸೆಲ್ ಕಾರಿಗೆ ಹತ್ತು ವರ್ಷ, ಪೆಟ್ರೋಲ್ ಕಾರಿಗೆ ಹದಿನೈದು ವರ್ಷ ಎಂಬ ಮಿತಿ ಬಂದಾಗ, ಎಂಟು ವರ್ಷದ ಡೀಸೆಲ್ ಕಾರು ಅಲ್ಲಿ ಹೆಚ್ಚು ಕಡಿಮೆ ಮುಗಿದ ವಸ್ತುವಾಯಿತು. ಆ ವಲಯಕ್ಕೆ ಸೇರದ ವಾರಾಣಸಿಯಂಥ ಊರಿನಲ್ಲಿ ಅದಕ್ಕೆ ಇನ್ನೂ ಬೆಲೆಯಿತ್ತು.

ಇನ್ನು ಸಾಲದ ವಿಷಯ. ಇಳಿಕೆ ಮಾರುವವರಿಗೆ ಮಾತ್ರ ತಾಗುತ್ತದೆ, ಮಾರದೆ ಇಟ್ಟುಕೊಂಡವರಿಗೆ ಅದು ಬರಿಯ ಅಂಕಿ ಎಂಬ ಅಭಿಪ್ರಾಯ ಸಾಮಾನ್ಯ. ಸಾಲವಿಲ್ಲದವರ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ 8 ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಸಾಲ ಪಡೆದವರು ತಿಂಗಳಿಗೆ ಸುಮಾರು 13 ಸಾವಿರದಂತೆ ವರ್ಷವಿಡೀ ಕಟ್ಟಿದ ಮೇಲೂ ಉಳಿದ ಬಾಕಿ 7 ಲಕ್ಷಕ್ಕೂ ಮೇಲಿರುತ್ತದೆ, ಏಕೆಂದರೆ ಆರಂಭದ ಕಂತುಗಳಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಬಡ್ಡಿಗೇ ಹೋಗುತ್ತದೆ. ಅದೇ ಹೊತ್ತಿಗೆ ವಿಮೆಯ ಮೌಲ್ಯ 6 ಲಕ್ಷ 80 ಸಾವಿರಕ್ಕೋ 6 ಲಕ್ಷ 40 ಸಾವಿರಕ್ಕೋ ಇಳಿದಿರುತ್ತದೆ. ಎರಡನೆಯ ವರ್ಷದ ಮೊದಲ ತಿಂಗಳಲ್ಲಿ ಕಾರು ಕಳುವಾದರೆ, ಅಥವಾ ರಿಪೇರಿಯ ಖರ್ಚು ಐಡಿವಿಯ ಮುಕ್ಕಾಲು ಪಾಲನ್ನು ಮೀರಿ ಪೂರ್ಣ ನಷ್ಟವೆಂದು ಘೋಷಿತವಾದರೆ, ವಿಮಾ ಹಣವೆಲ್ಲ ಬ್ಯಾಂಕಿಗೆ ಹೋದ ಮೇಲೂ ಸಾಲ ತೀರುವುದಿಲ್ಲ. ಕಾರಿಲ್ಲ, ಕಂತು ಇದೆ. ಈ ಅಂತರವನ್ನು ತುಂಬುವುದಕ್ಕಾಗಿಯೇ ರಿಟರ್ನ್ ಟು ಇನ್‌ವಾಯ್ಸ್ ಎಂಬ ಹೆಚ್ಚುವರಿ ವಿಮೆ ಇದೆ. ಮೂಲ ಬಿಲ್ಲಿನ ಮೊತ್ತವನ್ನು ಅದು ಕೊಡುತ್ತದೆ. ಜೀರೋ ಡೆಪ್ ಎಂಬ ಇನ್ನೊಂದನ್ನು ಇದರೊಂದಿಗೆ ಬೆರೆಸಬಾರದು. ಅದು ಸಂಬಂಧಿಸಿದ್ದು ಬಿಡಿಭಾಗಗಳಿಗೆ: ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೂ ಬ್ಯಾಟರಿಗೂ ಅರ್ಧ ಬೆಲೆಯಷ್ಟೇ ಸಿಗುತ್ತದೆ, ಜೀರೋ ಡೆಪ್ ಇದ್ದರೆ ಆ ಕಡಿತ ಇರುವುದಿಲ್ಲ.

ಹಾಗಾದರೆ ಇಳಿಕೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ನಾಲ್ಕೈದು ವರ್ಷ ಕಳೆದ ಕಾರಿನಲ್ಲಿ ಅದು ಮಂದವಾಗುತ್ತದೆ. ಐಬಿದ್ದರೆ ಅಷ್ಟರಲ್ಲಿ ಹೊರಬಿದ್ದಿರುತ್ತದೆ, ತೆರಿಗೆ ವಿಮೆಗಳ ಹಣ ಮರೆತುಹೋಗಿರುತ್ತದೆ. ಹೊಸ ಕಾರಿನ ಬದಲು ಮೂರು ನಾಲ್ಕು ವರ್ಷದ ಕಾರು ಕೊಳ್ಳುವವರು ಈ ಮಂದವಾದ ಇಳಿಜಾರಿನಿಂದ ಪ್ರಯಾಣ ಆರಂಭಿಸುತ್ತಾರೆ. ಗಲ್ಲಿಯ ಹೊರಗೆ ನಿಲ್ಲಿಸಿ ತಿಂಗಳಿಗೆರಡು ಬಾರಿ ತೆಗೆಯುವ ಕಾರಿಗೆ ಇದೇ ಹೆಚ್ಚು ಸಮಂಜಸವೆಂದು ತೋರುತ್ತದೆ. ಹದಿನೈದನೆಯ ವರ್ಷಕ್ಕೆ ನೋಂದಣಿ ಮುಗಿಯುತ್ತದೆ. ಐದು ವರ್ಷಕ್ಕೆ ನವೀಕರಿಸಲು ಯೋಗ್ಯತಾ ಪರೀಕ್ಷೆಯ ಜೊತೆಗೆ ಶುಲ್ಕವೂ ಇದ್ದು, 600 ರೂಪಾಯಿ ಇದ್ದ ಅದು 2022ರ ಏಪ್ರಿಲಿನಲ್ಲಿ 5 ಸಾವಿರಕ್ಕೆ ಏರಿತು. ಬೇಡವೆಂದರೆ 2021ರ ಗುಜರಿ ನೀತಿಯ ದಾರಿಯಿದೆ. ಮಾನ್ಯತೆ ಪಡೆದ ಗುಜರಿ ಕೇಂದ್ರದಲ್ಲಿ ಸಿಗುವ ಬೆಲೆ, ಆ ನೀತಿಯ ಅಂದಾಜಿನಂತೆ, ಹೊಸ ಕಾರಿನ ಶೋರೂಮ್ ಬೆಲೆಯಲ್ಲಿ ನೂರಕ್ಕೆ 4ರಿಂದ 6. ಕಂಪನಿಗಳ 2013ರ ಕಾಯ್ದೆ ಕೂಡ, ಕಾರಿನ ಆಯಸ್ಸು ಎಂಟು ವರ್ಷವೆಂದು ಹಿಡಿದು, ಕೊನೆಗೆ ಉಳಿಯುವ ಮೌಲ್ಯ ಸಾಮಾನ್ಯವಾಗಿ ನೂರಕ್ಕೆ 5ನ್ನು ಮೀರಬಾರದು ಎಂದಿದೆ. ಲೆಕ್ಕಪುಸ್ತಕವೂ ಗುಜರಿಯ ತಕ್ಕಡಿಯೂ ಒಮ್ಮತಕ್ಕೆ ಬರುವ ಈ ಹಂತದಲ್ಲಿ 8 ಲಕ್ಷದ ಕಾರಿಗೆ ಸಿಗುವುದು ಸುಮಾರು 40 ಸಾವಿರ ರೂಪಾಯಿ, ಜೊತೆಗೆ ಗುಜರಿ ಕೇಂದ್ರದ ಪ್ರಮಾಣಪತ್ರ. ಅದನ್ನು ತೋರಿಸಿದರೆ, ರಿಯಾಯಿತಿ ಜಾರಿಯಲ್ಲಿರುವ ರಾಜ್ಯಗಳಲ್ಲಿ, ಮುಂದಿನ ಹೊಸ ಕಾರಿನ ತೆರಿಗೆಯಲ್ಲಿ ನೂರಕ್ಕೆ 25ರವರೆಗೆ ಕಡಿತ ದೊರೆಯುತ್ತದೆ.